ಹೆಸರು ಬರ್ಕೋತಾರೇನು?

ದಿನಕ್ಕ ಎಂಟುನೂರು, ಡೀಸೆಲ್ ಅವರದು.
ಆಟೋದ ನೆತ್ತಿಮ್ಯಾಲೆ ಎರಡು ಭೋಂಗಾ, ಹಿಂದ ಒಂದು ಬ್ಯಾನರು.
ಹನ್ನೊಂದು ವರ್ಷ ಇದೇ ಕೆಲಸ:
ಸೀರಿ ಸೇಲು, ನಾಳೆ ನೀರು ಬರಂಗಿಲ್ಲ,
ಗಂಜಿನಾಗ ಕಳದ ಹುಡುಗ, ಕೆಂಪಂಗಿ, ಮಾತು ಬರಂಗಿಲ್ಲ.
ಸುದ್ದಿ ಯಾರದಿದ್ರೂ ಬಾಯಿ ನಂದು.

ಈ ಸಲ ಬರದು ಕೊಟ್ಟದ್ದು ಅರ್ಧ ಹಾಳಿ.
ತೀನ್ ಕಂದೀಲ್ ಹಿಂದ, ಬಾಷಾನ ಅಂಗಡ್ಯಾಗ
ಕದ ಹಾಕಿ, ಫ್ಯಾನು ಬಂದ್ ಮಾಡಿ ಓದಿದೆ:
"ನಿದ್ದಿ ಬರವಲ್ದೇನು? ಕೂಳು ಸೇರವಲ್ದೇನು?
ಸುಮ್ಮಸುಮ್ಮನ ಅಳು..."
ಅಲ್ಲಿಗೆ ಬಂದು ನಿಂತುಬಿಡ್ತು.
ಏಳು ಸಲ ಓದಿದೆ, ಏಳು ಸಲ ಅಲ್ಲೇ.
ನೀರು ಕುಡಿ ಹುಸೇನಪ್ಪ, ಧೂಳಿಗೆ ಗಂಟಲು ಕಟ್ಟೇದ, ಅಂದ ಬಾಷಾ.
ಹೌದು, ಧೂಳು, ಅಂದೆ.

ನಾಕು ದಿನ ತಿರುಗಿದೆ.
ಬೇರೂನ್ ಕಿಲ್ಲಾದಾಗ ಹುಡುಗರು ಬೆನ್ನು ಹತ್ತಿದರು:
ಧಾರವಾಡ ಗಾಡಿ ಬಂತಲೇ, ಧಾರವಾಡ ಗಾಡಿ!
ಚಾ ಕೊಡಾಕ ಬಂದಾವ ಹಿಂದಿನ ಸೀಟು ಇಣುಕಿದ,
ಯಾರನ್ನರ ಕಟ್ಟಿಹಾಕೀನೇನೋ ಅಂತ.
ನನ್ನ ದನಿ ನನ್ನ ನೆತ್ತಿಮ್ಯಾಲೇ ಕುಂತು
ಓಣಿ ಓಣಿ ಕೇಳತಿತ್ತು: ನಿದ್ದಿ ಬರವಲ್ದೇನು?
ನಾನು ಹಾರ್ನ್ ಒತ್ತುತಿದ್ದೆ.

ಜಂಬಮ್ಮಗ ಗೊತ್ತು. ಗೊತ್ತಿಲ್ಲದಂಗ ಇರ್ತಾಳ.
ರಾತ್ರಿ ಮೂರಕ್ಕ ಮಾಳಿಗಿ ಮ್ಯಾಲೆ ನಾ ಕುಂತಿದ್ರ
ತಂಬಿಗಿ ನೀರು ತಂದಿಟ್ಟು ಹೋಗ್ತಾಳ.
ದರ್ಗಾದ ತಾಯತ ಕಟ್ಯಾಳ, ಮಾರೆಮ್ಮನ ನಿಂಬಿಹಣ್ಣು ಇಳಿಸ್ಯಾಳ.
ನನಗ ಸಿಟ್ಟಿಲ್ಲ, ಆ ನೆವದಾಗ ಆಕಿ ಕೈ ತಾಗ್ತಾದ.
ಯಾಕ ಹಿಂಗ ಅಂದ್ರ ಏನು ಹೇಳಲಿ?
ಸಾಲ ಇಲ್ಲ, ಜಗಳ ಇಲ್ಲ, ಸತ್ತವರಿಲ್ಲ.
ಹೇಳಾಕ ಒಂದು ಕಾರಣ ಬೇಕಲ್ಲ,
ಅದಕ್ಕ ಹೇಳಿಲ್ಲ.

ಮಂಗಳವಾರಪೇಟೆ. ಮಟಮಟ ಮಧ್ಯಾಹ್ನ, ನಾಯಿ ಸೈತ ನೆರಳಿನಾಗ.
ಅರ್ಧ ತೆರದ ಕದದಿಂದ ಒಂದು ಕೈ, ಹಿಟ್ಟು ಹತ್ತಿದ್ದು,
ನಿಲ್ಲು ಅಂತು.
"ಅಣ್ಣಾ, ಅಲ್ಲಿ ಹೆಸರು ಬರ್ಕೋತಾರೇನು?"
ಹಾಳಿ ತಿರುವಿ ಮುರುವಿ ನೋಡಿದೆ. ಅದರಾಗ ಇರಲಿಲ್ಲ.
ಉಚಿತ ಅಂತಿತ್ತು. ಟೈಮ್ ಇತ್ತು. ಉದ್ಘಾಟನಿಗೆ ಬರೋರ ಹೆಸರಿತ್ತು.
ಗೊತ್ತಿಲ್ಲವ್ವ, ಅಂದೆ.
ಒಳಗಿನ ಚಿಲಕ ಭೋಂಗಾಕ್ಕಿಂತ ಜೋರು ಕೇಳಿಸ್ತು.

ಐದನೇ ದಿನ ಆಸ್ಪತ್ರಿ ಬೇವಿನ ಗಿಡದ ಕೆಳಗ ಆಟೋ ನಿಲ್ಲಿಸಿ
ಬಾಕಿ ರೊಕ್ಕ ಇಸ್ಕೊಂಡು ಬರ್ತೀನಿ ಅಂತ
ನನಗ ನಾನೇ ಹೇಳಿ ಒಳಗ ಹೋದೆ.
ಇಪ್ಪತ್ತು ಕುರ್ಚಿ. ಆರು ಮಂದಿ.
ಆರೂ ಮಂದಿ ಬ್ಯಾರೆ ಯಾರದೋ ಸಲುವಾಗಿ ಬಂದಂಗ ಕುಂತಿದ್ರು.
ಟೇಬಲ್ಲಿನ ಹುಡುಗಿ ಪೆನ್ನು ಜಾಡಿಸಿ, ತಲಿ ಎತ್ತದೇ,
"ಹೆಸರು?" ಅಂದ್ಲು.

ಭೋಂಗಾ ಇಲ್ಲದ ನನ್ನ ದನಿ ಎಷ್ಟು ಸಣ್ಣದು!
"ಹುಸೇನಪ್ಪ. ತಂದಿ ಹೆಸರು ತಾಯಪ್ಪ."
ಸೆರಗು ಹೊದ್ದ ಒಬ್ಬಾಕಿ ಗಪ್ಪನ ತಿರುಗಿದಳು.
ಆಕಿನೋ, ಅಲ್ಲೋ. ಮುಖ ನಾ ನೋಡಿದ್ದಿಲ್ಲ.
"ಬರ್ಕೋತಾರವ್ವ," ಅಂದೆ.
ಆಕಿ ಪಕ್ಕದ ಕುರ್ಚಿ ಮ್ಯಾಲಿನ ಚೀಲ ಎತ್ತಿ
ತೊಡಿಮ್ಯಾಲೆ ಇಟ್ಕೊಂಡಳು.