ಕೋರಿಕೆ ನಿಲುಗಡೆ

ಆ ಫಿನ್ಲೆಂಡಿನ ಹೆಂಗಸು, ಹಿಲ್ಲೆವಿ,
ಕೈ ಎತ್ತಿ ಹಿಡಿದು "ಫೆರ್ಮಾತಾ" ಅಂದಾಗ
ನನ್ನ ಬಲಗಾಲು ತಾನಾಗಿ ಬ್ರೇಕು ಹುಡುಕಿತು.
ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಕಾಲು.
ತ್ರಿಯೆಸ್ತೆಯಲ್ಲಿ ಫೆರ್ಮಾತಾ ಅಂದರೆ
ಒಂದು ಕಂಬ, ಒಂದು ಹಲಗೆ,
ಗಾಳಿಗೆ ಕೊಡೆ ಮಗುಚಿಕೊಂಡ ನಾಲ್ಕು ಜನ.
ಇವಳ ಪ್ರಕಾರ ಅಲ್ಲಿ ಸ್ವರ ನಿಲ್ಲುವುದಿಲ್ಲವಂತೆ,
ಹಿಡಿದಿಟ್ಟುಕೊಳ್ಳಬೇಕಂತೆ, ಕೈ ಇಳಿಯುವ ತನಕ.
"ನಾವು ಅದಕ್ಕೆ ಕೊರೋನಾ ಅಂತೀವಮ್ಮ, ಕಿರೀಟ,"
ಎಂದ ಹಿಂದಿನ ಸಾಲಿನ ಮುದುಕ ಎಜಿಡಿಯೊ.
ಆ ಹೆಸರು ಈಗ ಯಾರಿಗೂ ಬೇಡ. ಫೆರ್ಮಾತಾ ಎಂದೇ ಆಯಿತು.

ಹಾಳೆ ತುಂಬ ನಮ್ಮ ಮನೆಯ ಮಾತೇ,
ಯಾರದೋ ಮದುವೆಗೆ ಹೊರಟ ಹಾಗೆ ಇಸ್ತ್ರಿ ಮಾಡಿಕೊಂಡು ಕೂತಿದೆ.
ಮೊಸ್ಸೊ: ಬೆಳಿಗ್ಗೆ ಐದಕ್ಕೆ ರೇಡಿಯೊ ಹೇಳುತ್ತದೆ,
ಸಮುದ್ರ ಮೊಸ್ಸೊ ಇದೆ, ಸಣ್ಣ ದೋಣಿಗಳು ಹೊರಡಬೇಡಿ.
ಇಲ್ಲಿ ಅದು, ಸ್ವಲ್ಪ ಬೇಗ ಹಾಡು.
ಕೋಡಾ, ಬಾಲ. ಪಿಂಚಣಿಯ ದಿನ ಅಂಚೆ ಕಚೇರಿಯಿಂದ ಹೊರಟು
ಔಷಧಿ ಅಂಗಡಿಯ ಮೂಲೆ ತಿರುಗುವ ಬಾಲ.
ಫೂಗಾ, ನಮ್ಮ ಕಟ್ಟಡದಲ್ಲಿ ಅನಿಲ ಸೋರಿದ ರಾತ್ರಿ
ಸ್ಟೆಲಿಯೊ ಮೆಟ್ಟಿಲಲ್ಲಿ ಅರಚಿದ ಪದ.
ಹಿಲ್ಲೆವಿಗೆ ಅದು ಒಂದರ ಬೆನ್ನಿಗೆ ಒಂದು ದನಿ ಓಡುವುದು.
ಸರಿಯೇ. ನಾವೂ ಹಾಗೆಯೇ ಓಡಿದ್ದು,
ಮೊದಲು ಸ್ಟೆಲಿಯೊ, ಆಮೇಲೆ ಅವನ ಹೆಂಡತಿ,
ಅದೇ ಕೂಗು, ಒಂದು ಮೆಟ್ಟಿಲು ಮೇಲಿಂದ.

ಪಿಯಾನೊ ಅಂದರೆ ಮಹಡಿ. ನಮ್ಮದು ನಾಲ್ಕನೆಯದು, ಲಿಫ್ಟಿಲ್ಲ.
ಪಿಯಾನೊ ಅಂದರೆ ಮೆಲ್ಲಗೆ ಕೂಡ.
ಅಪ್ಪನ ಕಂಕುಳಿಗೆ ಹೆಗಲು ಕೊಟ್ಟು ಹತ್ತಿಸುವಾಗ
ನಾನು, ಪಿಯಾನೊ ಅಪ್ಪ, ಪಿಯಾನೊ.
ಅವನು ಏದುತ್ತ, "ಎಷ್ಟನೇ ಪಿಯಾನೊ?"
ಬಂದರಿನಲ್ಲಿ ಕಾಫಿ ಮೂಟೆ ಹೊತ್ತ ಬೆನ್ನು,
ಸಂಗೀತದ ಗಂಧ ಗಾಳಿ ಇಲ್ಲ.
ಮೆಟ್ಟಿಲಿಗೆ ಸ್ಕಾಲಾ ಅನ್ನುತ್ತೀವಲ್ಲ,
ಅದು ಸ್ವರಗಳ ಏರಿಕೆಯ ಹೆಸರೂ ಹೌದು ಎಂದೆ.
ಗೋಡೆಗೆ ಒರಗಿ ನಿಂತ, ಉಸಿರು ಸಿಕ್ಕ ಮೇಲೆ ಕೇಳಿದ,
"ಅಲ್ಲೂ ಲಿಫ್ಟಿಲ್ಲವಾ?"

ಫೆಬ್ರವರಿ. ಬೋರಾ ಗಾಳಿ ಚರ್ಚಿನ ಕಿಟಕಿಗಳನ್ನು ಅಲುಗಿಸುತ್ತಿತ್ತು.
ಕೊನೆಯ ಪುಟ, ಕೊನೆಯ ಸಾಲು,
ಕೆಳಗೆ ಸಣ್ಣ ಓರೆ ಅಕ್ಷರದಲ್ಲಿ: ಮೊರೆಂದೊ.
ದನಿ ಆರುತ್ತ ಹೋಗಬೇಕು, ಎಂದಳು ಹಿಲ್ಲೆವಿ,
ಎಲ್ಲಿ ಮುಗಿಯಿತೆಂದು ಯಾರಿಗೂ ಗೊತ್ತಾಗಬಾರದು.
ಎಷ್ಟು ಚಂದದ ಪದ, ಅಲ್ಲವಾ?

ಅದೇ ಪದವನ್ನು ಬುಧವಾರ ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದರು,
ನನ್ನ ಕೋಟಿನ ಗುಂಡಿ ನೋಡುತ್ತ. ಸ್ತಾ ಮೊರೆಂದೊ.
ಸಾಯುತ್ತಿದ್ದಾರೆ.
ಅಲ್ಲಿ ಅದು ಓರೆ ಅಕ್ಷರದಲ್ಲಿರಲಿಲ್ಲ.

ನಾನು ಬಾಯಿ ಮಾತ್ರ ಆಡಿಸಿದೆ.
ಎಜಿಡಿಯೊ ನೋಡಿದ, ತನ್ನ ದನಿ ಕೊಂಚ ಏರಿಸಿದ,
ಅವಳು ಬೈದಳು ಅವನನ್ನು.

ಮರುದಿನ ಆಸ್ಪತ್ರೆಯ ಏರಿನಲ್ಲಿ
ಹಲಗೆಯ ಮೇಲೆ ಕೋರಿಕೆ ನಿಲುಗಡೆ ಎಂದಿರುವ ಕಡೆ
ಒಳಗೆ ಯಾರೂ ಗಂಟೆ ಒತ್ತಲಿಲ್ಲ,
ಹೊರಗೆ ಯಾರೂ ಕೈ ಅಡ್ಡ ಹಿಡಿಯಲಿಲ್ಲ.
ನಿಲ್ಲಿಸಿದೆ. ಬಾಗಿಲು ತೆರೆದೆ.
ಗಾಳಿ ಹತ್ತಿತು, ಟಿಕೆಟ್ಟಿಲ್ಲದೆ.
"ಏನಾಯ್ತು, ನಿವೆಸ್?" ಎಂದಳು ದಿನಾ ಬರುವ ಮೀನಿನವಳು.
"ತಾಳು," ಅಂದೆ.
ಎಷ್ಟು ಹೊತ್ತು ಎಂದು ಎಲ್ಲೂ ಬರೆದಿರಲಿಲ್ಲ.
ಐದನೇ ಪಿಯಾನೊದ ಕಿಟಕಿಯಲ್ಲಿ ಯಾರೋ ಪರದೆ ಎಳೆಯುತ್ತಿದ್ದರು,
ತೆರೆಯಲಿಕ್ಕೋ ಮುಚ್ಚಲಿಕ್ಕೋ,
ಸ್ಟಿಯರಿಂಗಿನ ಹಿಂದಿನಿಂದ ತಿಳಿಯದು.