ಐದೂವರೆಗೆ ತೆರೆಯುವ ಸೀಟು

ಎಲ್ಲೋ ಒಂದು ದೇಶದಲ್ಲಿ ಆಗ ನಡುರಾತ್ರಿ,
ನಮ್ಮ ಗೋಣಿಕೊಪ್ಪದಲ್ಲಿ ಬೆಳಗಿನ ಐದೂವರೆ.
ಹನ್ನೊಂದು ತಿಂಗಳಾಚೆಯ ವಿಮಾನಕ್ಕೆ
ಪಾಯಿಂಟಿನ ಸೀಟು ಬಿಡುವುದು ಆ ಗಳಿಗೆಯಲ್ಲಿ,
ಎರಡೋ ಮೂರೋ, ಕೆಲವು ದಿನ ಒಂದೂ ಇಲ್ಲ.
ಕಣದ ಮೂಲೆಯಲ್ಲಿ ಮಾತ್ರ ನೆಟ್ಟು ಹಿಡಿಯುತ್ತದೆ.
ತಾರ್ಪಾಲಿನ ಕೆಳಗೆ ಕೊನೆಯ ಕೊಯ್ಲಿನ ಮೆಣಸು,
ಪಕ್ಕದಲ್ಲಿ ನಾನು, ಉತ್ತಯ್ಯನ ಹಳೇ ಸ್ವೆಟರು, ಲ್ಯಾಪ್‌ಟಾಪು.
ಒಂಬತ್ತನೆಯ ಬೆಳಗು.

ನಮ್ಮದು ನಾಲ್ಕು ತಲೆ:
ಉತ್ತಯ್ಯ, ನಾನು, ನೀಲಮ್ಮ,
ಮಂಡಿ ಮಡಚಲಾಗದ ಅತ್ತೆ ಬೋಜಮ್ಮ.
ಹೋಗುವುದು ಬ್ರೆಜಿಲ್ಲಿಗೆ.
ಅಲ್ಲಿ ಯಾರಿದ್ದಾರೆ, ಎಂದರು ಪೇಟೆಯಲ್ಲಿ.
ಯಾರೂ ಇಲ್ಲ.
ನಮ್ಮ ಕಾಫಿ ಚೀಲದ ಬೆಲೆ ಇದೆ.
ಅಲ್ಲಿ ಹಿಮ ಸುಟ್ಟ ವರ್ಷ ಇಲ್ಲಿ ಮಹಡಿ ಎದ್ದಿತು,
ಅಲ್ಲಿ ಹದವಾಗಿ ಮಳೆಯಾದ ವರ್ಷ
ನನ್ನ ಬಳೆ ಸೊಸೈಟಿಗೆ ಹೋಯಿತು.
ಮಾವ ಮಂದಪ್ಪ ಎದ್ದವರೇ
ನಮ್ಮ ಆಕಾಶ ನೋಡುವ ಮೊದಲು ಕೇಳುತ್ತಿದ್ದರು,
ಬ್ರೆಜಿಲ್‌ನಲ್ಲಿ ಹೇಗಂತೆ?
ನೆಂಟರ ಕ್ಷೇಮ ವಿಚಾರಿಸುವ ಹಾಗೆ,
ಒಳಗೊಳಗೇ ಅವರ ಕೇಡು ಬಯಸುವ ಹಾಗೆ.

ಪಾಯಿಂಟು ಸುಮ್ಮನೆ ಬರಲಿಲ್ಲ.
ಡೀಸೆಲಿಗೆ ಕೊಡುವುದಿಲ್ಲ ಅವರು;
ಪಂದಿ ಅಂಗಡಿಯ ಸಾಜುವಿಗೆ ಕಾರ್ಡೆಂದರೆ ಇಸ್ಪೀಟು.
ಗೊಬ್ಬರ, ಸುಣ್ಣ, ಸ್ಪ್ರಿಂಕ್ಲರ್ ಪೈಪು,
ಆನೆ ಎರಡು ಸಲ ಕೆಡವಿದ ಸೋಲಾರ್ ಬೇಲಿ,
ಭಾವನ ಮಗಳ ಮದುವೆಯ ಹಾಲ್ ಬಾಡಿಗೆ
(ಅವರು ನೋಟು ಎಣಿಸಿ ಕೊಟ್ಟರು, ನಾನು ಕಾರ್ಡು ಉಜ್ಜಿದೆ).
ಬಳ್ಳಿ ಬಿಡಿಸಿ ಏಣಿ ಎತ್ತಿದ ಮೇಲೆ
ದರಗಿನಲ್ಲಿ ಉಳಿದ ಕಾಳು ಹೆಕ್ಕುವಂತೆ
ನಾಲ್ಕು ವರ್ಷ ಹೆಕ್ಕಿದೆ.
ಅರ್ಧವೂ ತುಂಬಿರಲಿಲ್ಲ ಸೇರು.

ಮಿಕ್ಕದ್ದು ಮೈಸೂರಿನ ಆಸ್ಪತ್ರೆ.
ಹತ್ತೊಂಬತ್ತು ದಿನ.
ಕೊನೆಯ ಬಿಲ್ಲಿಗೆ ಕಾರ್ಡು ಉಜ್ಜಿ ವಾಪಸು ಕೊಡುವಾಗ
ಕೌಂಟರಿನ ಹುಡುಗಿ ಕಣ್ಣು ತಗ್ಗಿಸಿದ್ದಳು.
ಮೊಬೈಲು ಮಾತ್ರ ಟಿಂಗೆಂದು
ಅಭಿನಂದನೆ ಹೇಳಿತು.
ಉತ್ತಯ್ಯನಿಗೂ ಗೊತ್ತು ಈ ಲೆಕ್ಕ.
ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಿಲ್ಲ.

ಐದು ಮೂವತ್ತೊಂದು.
ತೆರೆಯಿತು. ಒಂದಲ್ಲ, ಎರಡಲ್ಲ, ನಾಲ್ಕು!
ಬೆಂಗಳೂರು, ದೋಹಾ, ಸಾವೊ ಪೌಲೊ.
ಯಾರು ಯಾರು ಹೊರಟಿದ್ದೀರಿ, ಎಂದಿತು ಪರದೆ.
ಹಳೆಯ ಪಟ್ಟಿಯಲ್ಲಿ ಐದು ಹೆಸರು,
ಮೊದಲನೆಯದಕ್ಕೆ ತಾನೇ ಟಿಕ್ಕು ಬಿದ್ದಿತ್ತು.
ತೆಗೆದೆ.
ಖಚಿತವೇ, ಎಂದು ಕೇಳಿತು.
ಖಚಿತ.

ಒಟಿಪಿಯ ಸಿಮ್ಮು ಬೇರೆ,
ಅದಕ್ಕೆ ಅಡುಗೆಮನೆಯ ಕಿಟಕಿಯೇ ಆಗಬೇಕು.
ನೀಲಮ್ಮ ಅಲ್ಲಿಂದಲೇ ಆರು ಅಂಕಿ ಕೂಗಿದಳು,
ಪಕ್ಕದ ತೋಟದ ನಾಯಿಗಳೂ ಎದ್ದವು.
ತೆರಿಗೆ ಎಂದು ಕಿತ್ತುಕೊಂಡರು ಒಂದೂವರೆ ಲಕ್ಷ.
ಪುಕ್ಕಟೆ ಎಂಬುದಕ್ಕೂ ಒಂದು ದರ.

ಬೆಲ್ಲದ ಕಾಫಿ ಹಿಡಿದು ಕುಂಟುತ್ತ ಬಂದರು ಅತ್ತೆ.
ಚಿತ್ರ ತೋರಿಸಿದೆ:
ಪೂರಾ ಮಲಗಬಹುದು ಅತ್ತೆ, ಹದಿನೈದು ಗಂಟೆ, ಕಾಲು ಚಾಚಿ.
ಬಿಳಿ ಹಾಸು, ತಲೆಯ ಬಳಿ ಪುಟ್ಟ ದೀಪ,
ಗುಂಡಿ ಒತ್ತಿದರೆ ಹುಡುಗಿ ಬರುತ್ತಾಳೆ,
ಬೇಕಾದರೆ ಸುತ್ತ ಪರದೆ...
ಹೇಳುತ್ತ ಹೇಳುತ್ತ ನನ್ನ ನಾಲಿಗೆ ನಿಂತಿತು.

ಅವರು ಚಿತ್ರವನ್ನು ತುಂಬ ಹೊತ್ತು ನೋಡಿದರು.
ಕಾಲು ಚಾಚೋದು ಒಳ್ಳೇದೇ, ಎಂದರು.
ಪರದೆ ಮಾತ್ರ ಎಳೀಬಾರದು ಅಂತ
ಈಗಲೇ ಬರೆದುಬಿಡು.

ವಿಶೇಷ ಕೋರಿಕೆ ಎಂಬಲ್ಲಿ ಒತ್ತಿದೆ.
ಉಪ್ಪಿಲ್ಲದ ಊಟ ಇತ್ತು,
ಸಕ್ಕರೆ ಕಾಯಿಲೆಯವರ ಊಟ,
ಕೂಸಿಗೆ ತೊಟ್ಟಿಲು, ಗಾಲಿಕುರ್ಚಿ.
ಗಾಲಿಕುರ್ಚಿ ಒತ್ತಿ, ಮುಚ್ಚಿಟ್ಟು ಎದ್ದೆ.
ಬಿಸಿಲು ಬರುತ್ತಿತ್ತು,
ಆ ಬದಿ ಅತ್ತೆ, ಈ ಬದಿ ನಾನು,
ತಾರ್ಪಾಲು ಸರಿಸಿದೆವು.