ಸಹನೆ: ಹನ್ನೆರಡು

ಇರುವೆ ಸಾಲು ಎನ್ನುತ್ತೇವೆ ನಾವು
ಆರಿಸಿದ ಜಾಗದ ಸುತ್ತ ತೆವಳುವ ಆ ತುಂಡು ಗೆರೆಗೆ.
ಬೆಲ್ಲಕ್ಕೆ ಬರುವುದಿಲ್ಲ, ಸೀಮೆಎಣ್ಣೆಗೆ ಹೆದರುವುದಿಲ್ಲ,
ಕೈ ಜಾರಿ ಪಕ್ಕದಲ್ಲೊಂದು ಕ್ಲಿಕ್ ಆಯಿತೋ
ಮುಕ್ಕಾಲು ಗಂಟೆ ಬಳಸಿ ತಂದ ಹೆಜ್ಜಾರ್ಲೆಯ ರೆಕ್ಕೆ
ಮಂಗಮಾಯ.

ಬಣ್ಣ ಸುರಿದರೆ, ಕೊಕ್ಕಿನ ಹತ್ತಿರ
ಗೆರೆ ಕೂಡದ ಚುಕ್ಕೆಯಷ್ಟು ಸಂದಿಯಲ್ಲಿ ನುಸುಳಿ
ಇಡೀ ಕುಕ್ಕರಹಳ್ಳಿ ಕೆರೆ ಕಿತ್ತಳೆ.
ಅದಕ್ಕೇ ಈ ತಂತ್ರಾಂಶ ಕಟ್ಟುವವರಿಗೆ ಬರೆಯುತ್ತ ಕೂತಿದ್ದೆ:
ಒಂದು, ಸಣ್ಣ ಸಂದಿ ತಾನೇ ಮುಚ್ಚಿಕೊಳ್ಳಲಿ.
ಎರಡು, ಕೈ ಎತ್ತಿದರೂ ಆರಿಸಿದ್ದು ನಿಲ್ಲಲಿ.
ಮೂರು, ಅಂಚು

ಬೆನ್ನ ಹಿಂದೆ ಅಬ್ಬಾ ನಕ್ಕರು.
ಮಂಡಿ ಮೊಹಲ್ಲಾದ ಇಮ್ದಾದ್ ಮೇಸ್ತ್ರಿ,
ಬೀಟೆಯ ಹೊಟ್ಟೆಯಲ್ಲಿ ಹಲಸು, ಹಲಸಿನ ಮಗ್ಗುಲಿಗೆ ಹಾಲೆ,
ನಲವತ್ತು ವರ್ಷ ಕೂರಿಸಿದವರು.
"ಗೆರೆಯ ಮೇಲೆ ಕೊಯ್ಯಬಾರದು. ಆಚೆ ಕೊಯ್ಯಿ.
ಗರಗಸವೂ ಒಂದಿಷ್ಟು ತಿನ್ನುತ್ತೆ, ಅದರ ಪಾಲು ಬಿಡು."

ಮಾದರಿಗಿರಲಿ ಎಂದು ಗೋಡೆಯ ಮೇಲಿನ
ಅವರದೇ ಹಲಗೆಯ ಫೋಟೊ ತೆಗೆದೆ:
ಕೆರೆ, ಎರಡು ಹೆಜ್ಜಾರ್ಲೆ, ಚಂದ್ರ.
ಚಂದ್ರನಿಗೆ ಮಂತ್ರದ ಕಡ್ಡಿ ಮುಟ್ಟಿಸಿದೆ.
ಇರುವೆಗಳು ಅರ್ಧ ಸುತ್ತಿ
ನಡುವೆ ನೇರ ಇಳಿದವು.
ಮತ್ತೆ ಮುಟ್ಟಿಸಿದೆ. ಮತ್ತೆ ಅರ್ಧ.
ನಾಲ್ಕು, ಎಂದು ಬರೆದುಕೊಂಡೆ, ದುಂಡಗಿದ್ದದ್ದು ಗೊತ್ತಾಗುವುದಿಲ್ಲ.

ಹಿಗ್ಗಿಸಿ ನೋಡಿದರೆ ಬೆಸುಗೆಯೇನೂ ಇಲ್ಲ.
ಮರದ ಎಳೆ ಮಾತ್ರ
ಎಡಕ್ಕೆ ನಿಂತಿದೆ, ಬಲಕ್ಕೆ ಮಲಗಿದೆ.

ಅಬ್ಬಾ ಕನ್ನಡಕ ಹಾಕಿಕೊಂಡರು.
ಚಹಾದ ಮೇಲೆ ಕೆನೆ ಕಟ್ಟಿತು.
"ಆ ವರ್ಷ ಹಾಲೆ ಸಾಲಲಿಲ್ಲ,
ಗಿರಾಕಿಗೆ ಅವಸರ. ಆಮೇಲೆ ಒಯ್ಯಲೇ ಇಲ್ಲ, ಅದು ಬೇರೆ."
ಇನ್ನೂ ತಗ್ಗಿದ ದನಿಯಲ್ಲಿ:
"ಈ ಕಡೆಯದು ಲಟ್ಟಣಿಗೆ.
ನಿನ್ನ ಅಮ್ಮಿ ಎಂಟು ದಿನ ಹುಡುಕಿದಳು,
ಪಕ್ಕದ ಖುರ್ಷಿದಾಳ ಮೇಲೆ ಗುಮಾನಿ,
ಒಂದು ರಂಜಾನು ಪೂರ್ತಿ ಇಬ್ಬರಿಗೂ ಮಾತಿರಲಿಲ್ಲ."

ಇಪ್ಪತ್ತಾರು ವರ್ಷ ಬಂದು ಹೋದವರ
ಕಣ್ಣೆಲ್ಲ ದಾಟಿದ್ದು
ಈ ಹನ್ನೆರಡನ್ನು ದಾಟಲಿಲ್ಲ.

ಟಾಲರೆನ್ಸ್ ಎನ್ನುತ್ತಾರೆ ಆ ಪಟ್ಟಿಗೆ.
ಕನ್ನಡದ ಪದಪಟ್ಟಿ ಮಾಡುವಾಗ ನಾನೇ
ಸಹನೆ ಎಂದಿಟ್ಟಿದ್ದೆ, ಬೇರೇನೂ ಹೊಳೆಯದೆ.
ಹದಿಮೂರು. ಹದಿನಾಲ್ಕು.
ಹತ್ತೊಂಬತ್ತಕ್ಕೆ ಇರುವೆಗಳು ಆಚೆ ಹೊರಳಿ
ಚಂದ್ರನ ಸುತ್ತ ಒಂದೇ ಸಾಲು.

ನಾಲ್ಕನೆಯದನ್ನು ಅಳಿಸಿದೆ.
ಮೊದಲನೆಯದನ್ನು ತಿದ್ದಿದೆ: ಸಂದಿ ಮುಚ್ಚಲಿ,
ಮುಚ್ಚುವ ಮುಂಚೆ ಎಷ್ಟು ಅಂತ ಕೇಳಲಿ.

ಅಡುಗೆಮನೆಯಲ್ಲಿ ಹಿಟ್ಟು ನಾದುವ ಸದ್ದು ನಿಂತಿದೆ.
"ಯಾರದು ಅಲ್ಲಿ,
ಲಟ್ಟಣಿಗೆ ಅಂದದ್ದು?"